ತಾಯಂದಿರ ದಣಿವು



ಹಣತೆಯ ಎಣ್ಣೆ ತೀರಿದ ಮೇಲೂ ದೀಪವು ಸ್ವಲ್ಪ ಹೊತ್ತು ಉರಿಯುವುದುಂಟು. ಆಗ ಉರಿಯತಕ್ಕದ್ದು ಬತ್ತಿಯೇ. ಇಂಗ್ಲಿಷಿನವರು 'ಬರ್ನ್ ಔಟ್' ಎಂದು ಕರೆಯುವ ದಣಿವನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಈ ಬತ್ತಿಯ ನೆನಪಾಗುತ್ತದೆ. 1974ರಲ್ಲಿ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಈ ಹೆಸರಿನಿಂದ ಒಂದು ಲೇಖನವನ್ನು ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದಕ್ಕೊಂದು ನಿರೂಪಣೆಯನ್ನು ಕೊಟ್ಟು, ಇದು ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿಯೆಂದೂ ಜೀವನದ ಇತರ ಕ್ಷೇತ್ರಗಳಿಗೆ ಇದನ್ನು ಅನ್ವಯಿಸಕೂಡದೆಂದೂ ಹೇಳಿತು. ಎಂದರೆ, ಕಚೇರಿಯ ಗುಮಾಸ್ತನಿಗೆ ಈ ದಣಿವು ಬರಬಹುದು; ಒಲೆಯ ಮುಂದಿನ ತಾಯಿಗೆ ಬರಲಾರದು! ಬೆಲ್ಜಿಯಂ ದೇಶದ ರೋಸ್ಕಂ ಮತ್ತು ಮಿಕೊಲಾಯ್‌ಚಾಕ್ ಎಂಬ ಇಬ್ಬರು ವಿದುಷಿಯರು ಇದನ್ನು ಒಪ್ಪದೆ, ತಂದೆತಾಯಂದಿರ ದಣಿವನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿದ್ದಾರೆ. ಅವರು ಹೇಳುವ ಲಕ್ಷಣಗಳು ಇವು: ಮೈಮನಗಳ ಸಂಪೂರ್ಣ ಬಳಲಿಕೆ, ಮಕ್ಕಳಿಂದಲೇ ಮನಸ್ಸು ದೂರವಾಗುವುದು, ಹಿಂದೆ ತಾನು ಎಂತಹ ತಾಯಿಯಾಗಿದ್ದೆನೆಂದು ನೆನೆದು ನಾಚುವುದು.

ನಮ್ಮ ದೇಶದ ಲೆಕ್ಕವನ್ನು ನೋಡೋಣ. 2019ರಲ್ಲಿ ಭಾರತ ಸರಕಾರವು ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ದೇಶದಾದ್ಯಂತ ಅಳೆಯಿಸಿತು. ಸಂಬಳವಿಲ್ಲದ ಗೃಹಕೃತ್ಯದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಮಾಡುತ್ತಿದ್ದರು. ಅದೂ ಗಂಡಸರಲ್ಲಿ ಹಾಗೆ ತೊಡಗಿದ್ದವರು ನೂರಕ್ಕೆ ಸುಮಾರು 26 ಮಂದಿ ಮಾತ್ರ. 2024ರಲ್ಲಿ ಮತ್ತೆ ಅಳೆದಾಗ ಈ ಅಂಕಿಗಳು 289 ಮತ್ತು 88 ಆದವು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷಗಳ ಬಿಡುವು ದೊರೆಯಿತು. ಗಂಡಸರು ತಾವೂ ಒಂಬತ್ತು ನಿಮಿಷಗಳ ಬಿಡುವನ್ನು ಪಡೆದುಕೊಂಡರು.

ಆದರೆ ನಿಮಿಷಗಳಿಂದ ಅಳೆಯಲಾಗದ ಭಾಗವೊಂದಿದೆ. ಅದನ್ನು ನಾನು ಅಂಕಿಅಂಶಗಳಿಂದ ಕಲಿತವನಲ್ಲ.

ನಮ್ಮ ಮನೆ ಇರುವುದು ರಾಜಾಜಿನಗರದಲ್ಲಿ. ನನ್ನ ಪತ್ನಿಗೆ ಬ್ಯಾಂಕಿನಲ್ಲಿ ಉದ್ಯೋಗ, ಮಕ್ಕಳಿಬ್ಬರು, ವೃದ್ಧರಾದ ತಾಯಿಯವರೊಬ್ಬರು. ನಾನು ತರಕಾರಿ ಹೆಚ್ಚುತ್ತೇನೆ, ಬಟ್ಟೆ ಒಣಹಾಕುತ್ತೇನೆ. ಆದುದರಿಂದ ಸಮಾನತೆಯನ್ನು ಕುರಿತು ತರಗತಿಯಲ್ಲಿ ಮಾತನಾಡುವುದಕ್ಕೆ ನನಗೆ ಅಧಿಕಾರವಿದೆಯೆಂದು ಭಾವಿಸಿದ್ದೆನು. ಒಂದು ಸಂಜೆ ಆಕೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದುದನ್ನು ಕಂಡು, "ನಾನೇನು ಸಹಾಯ ಮಾಡಲಿ?" ಎಂದು ಕೇಳಿದೆನು. "ಏನು ಮಾಡಲಿ ಅಂತ ನೀವು ಕೇಳಿದರೆ ಅದನ್ನೂ ನಾನೇ ಯೋಚಿಸಬೇಕಲ್ಲ. ಅದಕ್ಕಿಂತ ನಾನೇ ಮಾಡಿಬಿಡೋದು ಸುಲಭ" ಎಂದರು. ಕೋಪದಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆನೇನೋ. ಆ ಸ್ವರದಲ್ಲಿ ಕೋಪವೂ ಉಳಿದಿರಲಿಲ್ಲ.

ಮೇಷ್ಟರ ಚಪಲದಿಂದ ಒಂದು ವಾರ ಟಿಪ್ಪಣಿ ಪುಸ್ತಕವನ್ನಿಟ್ಟೆನು. ಒಂದು ಅಂಕಣದಲ್ಲಿ 'ಮಾಡಿದವರು', ಇನ್ನೊಂದರಲ್ಲಿ 'ನೆನಪಿಟ್ಟವರು'. ಶಾಲೆಯ ಶುಲ್ಕದ ಕಡೆಯ ದಿನ, ಚಿಕ್ಕವನ ಚುಚ್ಚುಮದ್ದು, ತಾಯಿಯವರ ರಕ್ತದೊತ್ತಡದ ಮಾತ್ರೆ, ನಾಳೆಯ ದೋಸೆಗೆ ಇಂದೇ ನೆನೆಹಾಕಬೇಕಾದ ಅಕ್ಕಿ, ಕಾವೇರಿ ನೀರು ಬರುವ ದಿನ. ಮೊದಲ ಅಂಕಣದಲ್ಲಿ ನನ್ನ ಹೆಸರು ಮರ್ಯಾದೆ ಉಳಿಯುವಷ್ಟು ಇತ್ತು. ಎರಡನೆಯದರಲ್ಲಿ ಏಳು ದಿನಕ್ಕೆ ಎರಡು ಸಲ. 'ಸಹಾಯ' ಎಂಬ ಮಾತಿನ ಅರ್ಥವು ಆಗ ಹೊಳೆಯಿತು. ಸ್ವಂತ ಮನೆಯಲ್ಲಿ ಯಾರಾದರೂ ಸಹಾಯ ಮಾಡುವರೇ? ಅತಿಥಿಗಳು ಮಾಡುತ್ತಾರೆ.

ಇನ್ನೂ ಒಂದು ಹೆಸರನ್ನು ಆ ಪುಸ್ತಕದಲ್ಲಿ ಬರೆಯಲು ಮರೆತಿದ್ದೆನು. ಲಗ್ಗೆರೆಯಿಂದ ನಮ್ಮ ಮನೆಗೆ ಪಾತ್ರೆ ತೊಳೆಯುವುದಕ್ಕೆ ಬರುವ ಹೆಂಗಸು ಬಸವೇಶ್ವರನಗರದಲ್ಲಿ ಎರಡು ಮನೆಗಳನ್ನು ಮುಗಿಸಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಅವರಿಗೂ ಮಗುವಿದೆ. ವಿದ್ಯಾವಂತ ದಂಪತಿಗಳು ತಮ್ಮೊಳಗಿನ ಜಗಳವನ್ನು ಬಹುಮಟ್ಟಿಗೆ ಇನ್ನೊಬ್ಬ ತಾಯಿಯ ಬೆಳಗಿನ ಹೊತ್ತನ್ನು ಕೊಂಡು ತೀರಿಸಿಕೊಳ್ಳುತ್ತೇವೆ. ಪೀಣ್ಯದ ಮತ್ತು ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೊತ್ತಿಗೆ ಮುಂಚೆ ಹೊರಡುವ ತಾಯಂದಿರಿಗೆ ಹೀಗೆ ಕೊಂಡುಕೊಳ್ಳುವ ದಾರಿಯೂ ಇಲ್ಲ.

ಕಾನೂನು ಏನೂ ಮಾಡಲಿಲ್ಲವೆಂದು ನಾನು ಹೇಳಲಾರೆ. 1948ರ ಕಾರ್ಖಾನೆಗಳ ಕಾಯಿದೆಯು, ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಕೂಸುಗಳಿಗೆ ಕೋಣೆಯಿರಬೇಕೆಂದು ವಿಧಿಸಿತು. ಈ ಲೆಕ್ಕದಲ್ಲಿ ಗಂಡಸರಿಗೆ ಮಕ್ಕಳೇ ಇಲ್ಲ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಯನ್ನು ತಿದ್ದಿ, ಸಂಬಳ ಸಹಿತ ರಜೆಯನ್ನು 26 ವಾರಗಳಿಗೆ ಏರಿಸಿದರು. ಐವತ್ತು ಅಥವಾ ಅದಕ್ಕೂ ಹೆಚ್ಚು ಮಂದಿ, ಹೆಂಗಸರಾಗಲಿ ಗಂಡಸರಾಗಲಿ, ದುಡಿಯುವಲ್ಲಿ ಶಿಶುಗೃಹವಿರಬೇಕೆಂದರು. ಇದು ದೊಡ್ಡ ಹೆಜ್ಜೆಯೇ. ಆದರೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರುವ ಹಕ್ಕನ್ನು ಆ ತಿದ್ದುಪಡಿಯು ಕೊಟ್ಟದ್ದು ಹೆಂಗಸಿಗೆ ಮಾತ್ರ. ಆ ಕಟ್ಟಡದಲ್ಲಿಯೇ ದುಡಿಯುವ ತಂದೆಯ ವಿಷಯದಲ್ಲಿ ಅದು ಮೌನವಾಗಿತ್ತು. ಮಗುವನ್ನು ನೆನಪಿಡಬೇಕಾದವರು ಯಾರೆಂಬುದನ್ನು ಶಾಸನ ಬರೆದವರೂ ನನ್ನ ಹಾಗೆಯೇ ಮೊದಲೇ ತೀರ್ಮಾನಿಸಿಕೊಂಡಿದ್ದರು.

ಪುಸ್ತಕವನ್ನು ಮುಚ್ಚಿದ ಮೇಲೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಕೆಲವು ಸಂಗತಿಗಳನ್ನು ಬುಡಸಮೇತ ನಾನೇ ವಹಿಸಿಕೊಳ್ಳುವುದು; ಆಕೆ ನೆನಪು ಮಾಡಕೂಡದು, ನಾನು ಕೇಳಕೂಡದು. ಅಡುಗೆಯ ಅನಿಲ ಅವುಗಳಲ್ಲೊಂದು. ಎರಡನೆಯ ತಿಂಗಳು ನಾನು ಸಿಲಿಂಡರಿಗೆ ಹೇಳುವುದನ್ನು ಮರೆತೆನು. ಭಾನುವಾರ ಅನ್ನ ಅರ್ಧ ಬೆಂದಿರುವಾಗ ಉರಿ ಆರಿತು. ಪತ್ನಿಯವರು ಕೊಟ್ಟ ಮಾತಿನಂತೆ ಹೊರಗೆ ಕುಳಿತು ಪತ್ರಿಕೆ ಓದುತ್ತಲೇ ಇದ್ದರು. ಆ ಸಂಯಮಕ್ಕೆ ಎಷ್ಟು ಶ್ರಮ ಬೇಕಾಯಿತೆಂಬುದು ಮುಖದಿಂದ ತಿಳಿಯುತ್ತಿತ್ತು. ನಾನು ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ನೆರೆಮನೆಯ ಬಾಗಿಲನ್ನು ತಟ್ಟಿದೆನು. ಬಾಗಿಲು ತೆರೆದ ಆ ಮನೆಯಾಕೆ ಒಮ್ಮೆ ಪಾತ್ರೆಯನ್ನೂ ಒಮ್ಮೆ ನನ್ನನ್ನೂ ನೋಡಿ, ಗಾಬರಿಯಿಂದ, "ಯಾಕೆ ಸಾರ್, ಮನೆಯವರಿಗೆ ಹುಷಾರಿಲ್ಲವೇ?" ಎಂದು ಕೇಳಿದರು.