ರವಿವರ್ಮನ ಹಿಂದಿನ ಮಧುರೆ



ಹತ್ತೊಂಬತ್ತನೇ ಶತಮಾನದ ಚಿತ್ರಕಲೆಯ ವಿಚಾರಸಂಕಿರಣಕ್ಕೆ ಮೈಸೂರು, ಮದರಾಸುಗಳನ್ನು ಬಿಟ್ಟು ಕಂಬಂ ಕಣಿವೆಯ ಚಿನ್ನಮನೂರೇ ಏಕೆ ಎಂದು ಕೆಲವರು ಕೇಳಿದರು. ಇಲ್ಲಿಂದ ಬಯಲಿನತ್ತ ಹೋದರೆ ಮಧುರೆ, ಕುಮುಳಿಯ ಘಟ್ಟ ಹತ್ತಿದರೆ ಹಳೆಯ ತಿರುವಾಂಕೂರು. 1895ರಲ್ಲಿ ಪೆರಿಯಾರಿನ ನೀರು ಘಟ್ಟದ ಆಚೆಯಿಂದ ಈಚೆಗೆ ಬಂತು. ಅದಕ್ಕೂ ಬಹಳ ಮುಂಚೆ ಈಚೆಯಿಂದ ಆಚೆಗೆ ಒಂದು ವಿದ್ಯೆ ಹೋಗಿತ್ತು. ರಾಜಾ ರವಿವರ್ಮನ ಕಥೆ ಶುರುವಾಗಬೇಕಾದದ್ದು ಅಲ್ಲಿಂದ.

ಮಧುರೆಯ ಅಳಗಿರಿ ನಾಯ್ಡು ತಿರುವಾಂಕೂರಿನ ಅರಸ ಸ್ವಾತಿ ತಿರುನಾಳರ ಆಸ್ಥಾನ ಚಿತ್ರಕಾರ. ಕಿಳಿಮಾನೂರಿನ ರಾಜರಾಜವರ್ಮ ಅವನ ಬಳಿ ಕಲಿತ. ಸೋದರಳಿಯ ರವಿವರ್ಮ ಹುಟ್ಟಿದ್ದು 1848ರಲ್ಲಿ. ಅವನಿಗೆ ಮೊದಲ ಪಾಠ ಈ ಮಾವನದೇ. 1862ರಲ್ಲಿ ಹುಡುಗ ತಿರುವನಂತಪುರ ಸೇರಿದಾಗ ಅಲ್ಲಿ ಎಣ್ಣೆಬಣ್ಣ ಬಲ್ಲವನು ರಾಮಸ್ವಾಮಿ ನಾಯ್ಡು, ಅವನೂ ಮಧುರೆಯವನೇ. ನಾಯ್ಡು ಹೇಳಿಕೊಡಲಿಲ್ಲ, ಅವನ ಶಿಷ್ಯ ಆರುಮುಗಂ ಪಿಳ್ಳೈ ಗುಟ್ಟಾಗಿ ಹೇಳಿಕೊಟ್ಟ ಎಂದು ಜೀವನಚರಿತ್ರೆಗಳು ಹೇಳುತ್ತವೆ. 1868ರಲ್ಲಿ ಬಂದ ಯುರೋಪಿನ ಚಿತ್ರಕಾರ ಥಿಯೊಡೋರ್ ಯೆನ್ಸನ್ ತಾನು ಬರೆಯುವುದನ್ನು ನೋಡಲು ಬಿಟ್ಟ, ಅಷ್ಟೇ.

ಹೀಗೆ ರಾಮಸ್ವಾಮಿ ನಾಯ್ಡು ಹೊಟ್ಟೆಕಿಚ್ಚಿನ ಗುರುವಾಗಿಯೇ ಉಳಿದುಹೋದ. ಆಸ್ಥಾನದ ಅನ್ನ ತಿನ್ನುವ ಕಸುಬುದಾರನಿಗೆ ಬಣ್ಣ ಬೆರೆಸುವ ಗುಟ್ಟೇ ಜೀವನೋಪಾಯ. ಅರಮನೆಯ ನಂಟಿರುವ ಹುಡುಗನಿಗೆ ಅದನ್ನು ಸುಮ್ಮನೆ ಏಕೆ ಒಪ್ಪಿಸಬೇಕು? ಈ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ. ಒಬ್ಬ ಪ್ರತಿಭಾವಂತನನ್ನು ಎತ್ತಿ ಹಿಡಿಯುವ ಭರದಲ್ಲಿ ಅವನ ಹಿಂದಿದ್ದ ಕಸುಬಿನ ಲೋಕವನ್ನು ಮರೆತೆವು. ಈ ಸಂಕಿರಣದ ಆಶಯ ಆ ಲೋಕವನ್ನು ಹುಡುಕುವುದು.

ಪ್ರತಿಭೆಯ ಜೊತೆಗೆ ಆಶ್ರಯ ಮತ್ತು ಮಾರುಕಟ್ಟೆಯೂ ಕಲಾವಿದನನ್ನು ರೂಪಿಸುತ್ತವೆ. ರವಿವರ್ಮನಿಗಿಂತ ಹತ್ತು ವರ್ಷ ಹಿರಿಯನಾದ ಸ್ಪೇನಿನ ಮರಿಯಾನೊ ಫೋರ್ತುನಿಯನ್ನು ನೋಡಿ. 1860ರಲ್ಲಿ ಬಾರ್ಸಿಲೋನಾದ ಪ್ರಾಂತೀಯ ಸಭೆ ಯುದ್ಧದ ಚಿತ್ರ ಬರೆಯಲು ಅವನನ್ನು ಮೊರಾಕ್ಕೊಗೆ ಕಳಿಸಿತು. ಮುಂದೆ ಅವನ ಕೃತಿಗಳಿಗೆ ಯುರೋಪಿನ ಸಿರಿವಂತರನ್ನು ಗಿರಾಕಿಗಳಾಗಿ ಹುಡುಕಿಕೊಟ್ಟದ್ದು ಪ್ಯಾರಿಸ್ಸಿನ ಗೂಪಿಲ್ ಎಂಬ ಚಿತ್ರವ್ಯಾಪಾರದ ಸಂಸ್ಥೆ. 1874ರಲ್ಲಿ, 36ನೇ ವಯಸ್ಸಿನಲ್ಲಿ, ಅವನು ರೋಮಿನಲ್ಲಿ ತೀರಿಕೊಂಡ.

ರವಿವರ್ಮನಿಗೂ ಮೊದಲು ಸಿಕ್ಕಿದ್ದು ಅರಮನೆಗಳೇ. 1885ರಲ್ಲಿ ಚಾಮರಾಜೇಂದ್ರ ಒಡೆಯರು ಮೈಸೂರಿಗೆ ಕರೆಸಿಕೊಂಡರು. ಬದುಕಿನ ಕೊನೆಯ ವರ್ಷಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಚಿತ್ರಗಳನ್ನು ಬರೆದ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇಂದಿಗೂ ಅವನ ಕೃತಿಗಳಿವೆ. ಜೊತೆಗೇ ದುಡಿದು, ದಿನಚರಿ ಬರೆದಿಟ್ಟ ತಮ್ಮ ಸಿ. ರಾಜರಾಜವರ್ಮ 1905ರಲ್ಲಿ ಹೋದ, ಮರುವರ್ಷ ಅಣ್ಣ.

ಆದರೆ ಫೋರ್ತುನಿ ಕಾಣದ ಮನೆಗಳನ್ನು ರವಿವರ್ಮ ಕಂಡ. 1894ರಲ್ಲಿ ಅವನು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದರ ಮೇಲೊಂದು ಒತ್ತಿದಾಗ ಲಕ್ಷ್ಮಿ ಮೂಡುತ್ತಿದ್ದಳು. ಮುದ್ರಣಾಲಯ ಸಾಲಕ್ಕೆ ಸಿಕ್ಕಿ, ಕೊನೆಗೆ ಜರ್ಮನಿಯ ಫ್ರಿಟ್ಸ್ ಶ್ಲೈಶರ್ ಪಾಲಾಯಿತು. ಅಷ್ಟರಲ್ಲಿ ಅರಸರ ಗೋಡೆಯ ದೇವತೆ ಒಕ್ಕಲು ಮಕ್ಕಳ ಗೋಡೆಗೆ ಇಳಿದಿದ್ದಳು. ಅವಳಿಗೆ ಜರಿ, ಮಣಿ ಅಂಟಿಸಿ, ಬಟ್ಟೆಯ ಸೀರೆ ಉಡಿಸಿದ ಪಟಗಳೂ ಇವೆ. ಅಲಂಕರಿಸಿದ ಕೈಗಳ ಹೆಸರು ಯಾವ ಪಟದ ಮೇಲೂ ಇಲ್ಲ.

ಆದ್ದರಿಂದ ಗೋಷ್ಠಿಗಳ ಮುಂದೆ ಮೂರು ಕೆಲಸಗಳನ್ನಿಡುತ್ತೇನೆ. ಮಧುರೆಯ ನಾಯ್ಡು ಚಿತ್ರಕಾರರು ಯಾರಿಂದ ಕಲಿತರು, ಎಲ್ಲೆಲ್ಲಿಗೆ ಹೋದರು ಎಂಬುದನ್ನು ಆಸ್ಥಾನದ ದಾಖಲೆಗಳಲ್ಲಿ ಹುಡುಕಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆತನಗಳಿಗೆ ಎಣ್ಣೆಬಣ್ಣವೂ ಅಚ್ಚಿನ ಪಟವೂ ಏನು ಮಾಡಿದವು ಎಂದು ಕೇಳಬೇಕು. ಮೂರನೆಯದು ಇಲ್ಲಿಯವರೇ ಮಾಡಬೇಕಾದ ಕೆಲಸ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಈ ಕಣಿವೆಯ ಕುಟುಂಬಗಳ ದೇವರಕೋಣೆಯಲ್ಲಿ ಹಳೆಯ ಪಟಗಳಿದ್ದರೆ, ಚೌಕಟ್ಟು ಬದಲಿಸುವ ಮುನ್ನ ಅವುಗಳ ಕೆಳಅಂಚಿನ ಮುದ್ರಣಾಲಯದ ಹೆಸರನ್ನು ಬರೆದಿಟ್ಟುಕೊಳ್ಳಿ. ಪಟ ಎಲ್ಲಿಂದ, ಯಾರ ಕಾಲದಲ್ಲಿ ಬಂತೆಂದು ಅಜ್ಜಿಯರನ್ನು ಕೇಳಿ. ಅವರ ಮಾತು ವಿದ್ವಾಂಸರ ಪ್ರಬಂಧಗಳಷ್ಟೇ ಮುಖ್ಯವೆಂದು ಈ ಸಂಕಿರಣ ಒಪ್ಪಿಕೊಂಡರೆ ನನ್ನ ಆಶಯ ಈಡೇರಿದಂತೆ.