ಬಾಲ್ ಬ್ಯಾಟ್ ಒಳಗಿಂದಾನೇ ಹೋಗ್ತಿದೆ, ಮಾಮ!

ನಮ್ಮ ಅಕ್ಕನ ಮಗ, ಒಂಬತ್ತನೇ ಕ್ಲಾಸು, ಯೂನಿಟಿಯಲ್ಲಿ ಕ್ರಿಕೆಟ್ ಗೇಮ್ ಮಾಡಿದ್ದ. ಮಾರನೇ ದಿನ ಶಾಲೆಯಲ್ಲಿ ತೋರಿಸಬೇಕು. ರಾತ್ರಿ ಫೋನ್ ಮಾಡಿ, "ಮಾಮ, ಬಾಲ್ ಬ್ಯಾಟ್ ಒಳಗಿಂದಾನೇ ಹೋಗ್ತಿದೆ. ಒಂದೊಂದ್ಸಲ ಮಾತ್ರ ತಾಗುತ್ತೆ" ಅಂದ. ನಾನು ಎಂಟೆಕ್ ಗತ್ತಿನಲ್ಲಿ "ಕೊಲೈಡರ್ ದಪ್ಪ ಮಾಡು" ಅಂದುಬಿಟ್ಟೆ. ಮಾಡಿದ. ಈಗ ಬ್ಯಾಟ್ ಮುಟ್ಟೋ ಮೊದಲೇ ಗಾಳಿಯಲ್ಲಿ ಸಿಕ್ಸರ್!

ಆಮೇಲೆ ಕೂತು ಲೆಕ್ಕ ಹಾಕಿದೆವು. ಯೂನಿಟಿಯ ಫಿಸಿಕ್ಸ್, ಸೆಟ್ಟಿಂಗ್ ಬದಲಿಸದಿದ್ದರೆ, 0.02 ಸೆಕೆಂಡಿಗೊಮ್ಮೆ ಕಣ್ಣುಬಿಟ್ಟು ನೋಡುತ್ತೆ. ಇವನ ಬಾಲ್ ವೇಗ ಸೆಕೆಂಡಿಗೆ 30 ಮೀಟರ್. ಒಂದು ಸಲ ನೋಡಿ ಇನ್ನೊಂದು ಸಲ ನೋಡೋದ್ರೊಳಗೆ ಬಾಲ್ 60 ಸೆಂಟಿಮೀಟರ್ ದಾಟಿರುತ್ತೆ. ಬಾಲ್ ಅಗಲ, ಬ್ಯಾಟ್ ದಪ್ಪ ಎರಡೂ ಸೇರಿ 14 ಸೆಂಟಿಮೀಟರ್ ಹತ್ತಿರ. ನೋಡೋ ಹೊತ್ತಿಗೆ ಬಾಲ್ ಆ 14ರೊಳಗೆ ಇದ್ರೆ ಮಾತ್ರ ಡಿಕ್ಕಿ ಗೊತ್ತಾಗೋದು. ಹೆಚ್ಚುಕಮ್ಮಿ ನಾಲ್ಕು ಬಾಲಿಗೆ ಒಂದು. ಹುಡುಗ ಹೇಳಿದ "ಒಂದೊಂದ್ಸಲ" ಅಂದ್ರೆ ಇದೇ.

ಸ್ಕ್ರಿಪ್ಟಲ್ಲೂ ತಪ್ಪಿತ್ತು. ಅಪ್‌ಡೇಟ್ ಒಳಗೆ ಟ್ರಾನ್ಸ್‌ಫಾರ್ಮ್ ಪೊಸಿಷನ್ ಬದಲಿಸುತ್ತಿದ್ದ. ಫಿಸಿಕ್ಸ್ ಲೆಕ್ಕದಲ್ಲಿ ಅದು ಚಲನೆಯೇ ಅಲ್ಲ, ವಸ್ತುವನ್ನ ಎತ್ತಿ ಇನ್ನೊಂದು ಕಡೆ ಇಟ್ಟಂಗೆ. ಬಾಲಿಗೆ ರಿಜಿಡ್‌ಬಾಡಿ ಮೂಲಕ ವೇಗ ಕೊಟ್ಟೆವು. ಬ್ಯಾಟನ್ನು ಫಿಕ್ಸ್ಡ್‌ಅಪ್‌ಡೇಟ್‌ನಲ್ಲಿ ಮೂವ್‌ರೊಟೇಷನ್‌ನಿಂದ ತಿರುಗಿಸಿದೆವು. ಎರಡಕ್ಕೂ ಕೊಲಿಷನ್ ಡಿಟೆಕ್ಷನ್ 'ಕಂಟಿನ್ಯುಯಸ್ ಸ್ಪೆಕ್ಯುಲೇಟಿವ್'. ಇದು ಮುಂದಿನ ಹೆಜ್ಜೆವರೆಗಿನ ದಾರಿಯನ್ನೂ ನೋಡುತ್ತೆ. ಅಪರೂಪಕ್ಕೆ ತಾಗದೇ ಇದ್ದದ್ದನ್ನೂ ತಾಗಿತು ಅನ್ನುತ್ತೆ, ಅದನ್ನ ಸಹಿಸ್ಕೋಬೇಕು.

ಹನ್ನೆರಡೂವರೆಗೆ ಸತತ ಇಪ್ಪತ್ತು ಬಾಲ್ ತಾಗಿದವು. ನನ್ನ ದಪ್ಪ ಕೊಲೈಡರನ್ನ ಹಳೇ ಅಳತೆಗೆ ಇಳಿಸಿ ಮಲಗಿದ.