ಬರೆದ ಕೈಗೆ ಸಿಗುವ ನೆಂಟರು

(ವಿದ್ಯಾನಗರದಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕ ಸಂಚಿಕೆಗೆ ಲೇಖನ ಕೊಡಿ ಎಂದಾಗಲೆಲ್ಲ ನೀವು ಹೇಳುವುದು ಒಂದೇ ಮಾತು: "ನಾನು ಬರೆದರೆ ಯಾರು ಓದುತ್ತಾರೆ ಸರ್?" ಈ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ, ನಮ್ಮ ಊರಿನಲ್ಲೇ ಇದೆ.

1948ರಲ್ಲಿ ಹಾಸನದಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರ ಮನೆಮಾತು ದಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಇದೇ ಶಿವಮೊಗ್ಗದ ಒಂದು ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲಾಯಿತು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬುದು ಷರತ್ತು. ಆ ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು.

ನಮ್ಮದೇ ಜಿಲ್ಲೆಯ ಕೊನಗವಳ್ಳಿಯವರಾದ ಪಿ. ಲಂಕೇಶ್ 1980ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭಿಸಿದರು. ಬಾನು ಅವರು ಮುಂದೆ ಅದರ ವರದಿಗಾರ್ತಿಯಾದರು. 1981ರಲ್ಲಿ ಅದೇ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ ಮೊದಲ ಲೇಖನ ಬಂತು. ಅವರು ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದವರು. ಆಗ ವಯಸ್ಸು ನಲವತ್ತು ದಾಟಿತ್ತು. ಲಂಕೇಶರು ಇನ್ನಷ್ಟು ಬರೆಯಿರಿ ಎಂದು ಹುರಿದುಂಬಿಸಿದರು. ಮುಂದೆ ಬಂದದ್ದು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ. ನಾದಿರಾ ಎಂಬ ನಮ್ಮ ಮನೆಯಂಥ ಮನೆಯ ಹೆಣ್ಣುಮಗಳ ಕಷ್ಟವನ್ನು ಕನ್ನಡ ನಾಡು ಓದಿ ತಿಳಿಯಿತು. ವನಮಾಲಾ ವಿಶ್ವನಾಥ ಅವರು ಅದನ್ನು ಇಂಗ್ಲಿಷಿಗೂ ತಂದರು.

ಬಾನು ಅವರ ಕಥೆಗಳಿಗೆ ಮಡಿಕೇರಿಯ ದೀಪಾ ಭಸ್ತಿ ಸಿಕ್ಕರು. 1990ರಿಂದ 2023ರವರೆಗಿನ ಹನ್ನೆರಡು ಕಥೆಗಳು ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆದವು. 2025ರ ಮೇ 20ರಂದು ಲಂಡನ್ನಿನಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಪುಸ್ತಕವೊಂದಕ್ಕೆ ಇದು ಮೊದಲ ಬಾರಿ. 50,000 ಪೌಂಡ್ ಬಹುಮಾನದಲ್ಲಿ ಲೇಖಕಿಗೂ ಅನುವಾದಕಿಗೂ ಸಮಪಾಲು.

ಯೋಚಿಸಿ ನೋಡಿ. ಶಿವಮೊಗ್ಗ, ಕೊನಗವಳ್ಳಿ, ಕಾಸರಗೋಡು, ಮಡಿಕೇರಿ, ಲಂಡನ್. ಈ ನಂಟನ್ನು ಮೊದಲೇ ಲೆಕ್ಕ ಹಾಕಿದವರು ಯಾರೂ ಇಲ್ಲ. ಒಬ್ಬರು ಮನಸ್ಸಿನ ಮಾತನ್ನು ಬರೆದು ಕಳಿಸಿದರು. ಇನ್ನೊಬ್ಬರು ಪರಿಚಯವಿಲ್ಲದ ಹೆಸರಿಗೆ ಪುಟ ಬಿಟ್ಟುಕೊಟ್ಟರು. ಮತ್ತೊಬ್ಬರು ಅದನ್ನು ಬೇರೆ ಭಾಷೆಗೆ ದಾಟಿಸಿದರು. ಅಷ್ಟೇ.

ದಾರಿ ಸಲೀಸಾಗಿತ್ತೆಂದು ನಾನು ಹೇಳುವುದಿಲ್ಲ. ಮಹಿಳೆಯರ ಮಸೀದಿ ಪ್ರವೇಶದ ಹಕ್ಕಿನ ಪರವಾಗಿ ಮಾತನಾಡಿದ್ದಕ್ಕೆ ಬಾನು ಅವರು 2000ದಲ್ಲಿ ಸಾಮಾಜಿಕ ಬಹಿಷ್ಕಾರವನ್ನೂ ಕಂಡರು. ಒಪ್ಪದಿದ್ದರೆ ಉತ್ತರ ಬರೆಯಬಹುದು. ಬಾಗಿಲು ಹಾಕಿದರೆ ನಾವೇ ಒಂಟಿಯಾಗುತ್ತೇವೆ. ಅವರ ಮಾತು ಲಂಡನ್ನಿಗೆ ಮುಟ್ಟಿತು. ಅದನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ನಾವಾಗಿದ್ದೆವು.

ನಾವು ಹಿರಿಯರು ಮಕ್ಕಳ ಅಂಕಪಟ್ಟಿ ಕೇಳುತ್ತೇವೆ, "ಏನು ಬರೆದೆ ಮಗಾ?" ಎಂದು ಕೇಳುವುದಿಲ್ಲ. ಇದು ನಮ್ಮ ತಪ್ಪು. ಪಕ್ಕದ ಬೀದಿಯವರು ನಮ್ಮನ್ನು ಅವರಿವರ ಮಾತಿನಿಂದ ಅರಿಯುತ್ತಾರೆ, ನಾವೂ ಅವರನ್ನು ಹಾಗೆಯೇ ಅರಿಯುತ್ತೇವೆ. ಅವರಿಗೆ ಅರ್ಥವಾಗುವ ಕನ್ನಡದಲ್ಲಿ ನಾವೇ ಬರೆಯದಿದ್ದರೆ ಈ ಅಂತರ ಹೋಗುವುದು ಹೇಗೆ?

ಆದ್ದರಿಂದ ಮಕ್ಕಳೇ, ದೊಡ್ಡ ವಿಷಯಕ್ಕಾಗಿ ಕಾಯಬೇಡಿ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದ ದಾದಾ, ಬೀಡಿ ಕಟ್ಟಿ ಫೀಸು ಕಟ್ಟಿದ ನಾನಿ, ಓದು ಬಿಟ್ಟ ಅಕ್ಕ: ಇವರ ಬಗ್ಗೆ ಒಂದೇ ಪುಟ ಬರೆಯಿರಿ, ಸತ್ಯವಾಗಿ ಬರೆಯಿರಿ. ಗೆಳೆಯ ಬರೆದದ್ದನ್ನು ಓದಿ, ಅವನಿಗೆ ಎರಡು ಮಾತು ಹೇಳಿ. ಯಾರು ಓದುತ್ತಾರೋ ನನಗೂ ಗೊತ್ತಿಲ್ಲ. ಆದರೆ ಬರೆಯದ ಪುಟವನ್ನು ಯಾರೂ ಓದಲಾರರು.